ಹಳೆಯ ಲ್ಯಾಪ್‌ಟಾಪ್‌ನಲ್ಲಿ ಅಂತರಜಾಲ ದೋಷಪತ್ತೆ

ಮನೆಯ ಅಂತರಜಾಲ ಹಳೆಯ ಲ್ಯಾಪ್‌ಟಾಪಿಗೆ ಸಿಗದಿದ್ದಾಗ, ತೊಡಕು ಹೊರಗಿನ ಲೈನಿನಲ್ಲಿದೆಯೋ, ರೂಟರಿನಲ್ಲಿದೆಯೋ, ಯಂತ್ರದಲ್ಲೇ ಇದೆಯೋ ಎಂದು ಒಂದೊಂದೇ ಹಂತ ದಾಟಿ ಕಂಡುಕೊಳ್ಳುವ ಕ್ರಮ. ಆಡುಮಾತಿನಲ್ಲಿ ಎಲ್ಲ ತೊಡಕಿಗೂ ಒಂದೇ ಹೆಸರು: ‘ನೆಟ್ ಬರ್ತಿಲ್ಲ’. ಹತ್ತು ವರ್ಷ ದಾಟಿದ ಯಂತ್ರಗಳಲ್ಲಿ ಯಾವುದೂ ಕೆಟ್ಟಿರದೆಯೂ ನೆಟ್ ನಿಲ್ಲುವುದುಂಟು. ರೂಟರ್ ಬದಲಾಗಿರುತ್ತದೆ, ಜಾಲತಾಣಗಳ ಭದ್ರತಾ ಕಟ್ಟಳೆ ಬದಲಾಗಿರುತ್ತದೆ. ಲ್ಯಾಪ್‌ಟಾಪ್ ಮಾತ್ರ ತಾನು ತಯಾರಾದ ಕಾಲದಲ್ಲೇ ಉಳಿದಿರುತ್ತದೆ.

ಮೊದಲ ಪರೀಕ್ಷೆಗೆ ಮೊಬೈಲ್ ಫೋನ್ ಸಾಕು. ಅದರ ಮೊಬೈಲ್ ಡೇಟಾ ಆಫ್ ಮಾಡಿ (ಇದನ್ನು ಮರೆತವರೇ ಹೆಚ್ಚು) ಮನೆಯ ವೈ-ಫೈನಲ್ಲಿ ಒಂದು ಪುಟ ತೆರೆಯಬೇಕು. ಅಲ್ಲೂ ಬರದಿದ್ದರೆ ಲ್ಯಾಪ್‌ಟಾಪನ್ನು ದೂರಿ ಫಲವಿಲ್ಲ. ಫೈಬರ್ ಸಂಪರ್ಕದ ಪೆಟ್ಟಿಗೆಯಲ್ಲಿ ‘ಎಲ್‌ಒಎಸ್’ ಎಂಬ ಕೆಂಪು ದೀಪ ಉರಿಯುತ್ತಿದ್ದರೆ ಗಾಜಿನ ಎಳೆಯಲ್ಲಿ ಬೆಳಕು ಬರುತ್ತಿಲ್ಲವೆಂದು ಅರ್ಥ. ತಂತಿ ಸಡಿಲವಾಗಿಯೋ ಮಡಿಸಿಹೋಗಿಯೋ ಇಲ್ಲವೆಂದಾದರೆ ಲೈನ್‌ನವರನ್ನೇ ಕರೆಸಬೇಕು. ಎಷ್ಟು ಸಲ ಆಫ್-ಆನ್ ಮಾಡಿದರೂ ಕಡಿದ ಎಳೆ ಕೂಡುವುದಿಲ್ಲ.

ಫೋನಿಗೆ ಸಿಗುವ ವೈ-ಫೈ ಹೆಸರು ಲ್ಯಾಪ್‌ಟಾಪಿನ ಪಟ್ಟಿಯಲ್ಲೇ ಕಾಣದಿರುವುದು ಎರಡನೆಯ ಬಗೆ. ಹಳೆಯ ಯಂತ್ರಗಳ ಅಂಚಿನಲ್ಲಿ ವೈ-ಫೈಗೆಂದೇ ಒಂದು ಪುಟ್ಟ ಸ್ವಿಚ್ ಇರುತ್ತಿತ್ತು. ಚೀಲದಲ್ಲಿ ಉಜ್ಜಿ ಅದು ಆಫ್ ಆಗಿರಬಹುದು. ಅದಲ್ಲದಿದ್ದರೆ ತರಂಗದ ಪಟ್ಟಿಯನ್ನು ನೋಡಬೇಕು. 2003ರ 802.11ಜಿ ಮಾನದಂಡದ ಕಾರ್ಡುಗಳು 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಕೆಲಸ ಮಾಡುತ್ತವೆ. 2009ರ 802.11ಎನ್ ಮಾನದಂಡಕ್ಕೆ 5 ಗಿಗಾಹರ್ಟ್ಸ್ ಕೂಡ ಒಗ್ಗುತ್ತದಾದರೂ ಅಗ್ಗದ ಲ್ಯಾಪ್‌ಟಾಪುಗಳಲ್ಲಿ ಅದನ್ನು ಅಳವಡಿಸದೆ ಬಿಟ್ಟದ್ದೇ ಹೆಚ್ಚು. ರೂಟರಿನಲ್ಲಿ 2.4ರ ಪಟ್ಟಿ ಆನ್ ಆಗಿದೆಯೇ ಎಂದು ನೋಡುವುದೇ ಇದಕ್ಕೆ ಪರಿಹಾರ. ಅಮೆರಿಕದಿಂದ ಮಕ್ಕಳು ತಂದುಕೊಟ್ಟ ಲ್ಯಾಪ್‌ಟಾಪುಗಳಲ್ಲಿ ಇನ್ನೊಂದು ವಿಚಿತ್ರ ಉಂಟು. ಭಾರತದಲ್ಲಿ 2.4ರ ಪಟ್ಟಿಯ 13 ಚಾನೆಲ್‌ಗಳನ್ನು ಬಳಸಬಹುದು. ಅಲ್ಲಿಗೆಂದು ತಯಾರಾದ ಹಲವು ಕಾರ್ಡುಗಳು 11ರ ಆಚೆ ಕಿವಿಗೊಡುವುದಿಲ್ಲ. ರೂಟರ್ ತಾನಾಗಿ 12 ಅಥವಾ 13ನ್ನು ಆರಿಸಿಕೊಂಡ ದಿನ ಆ ಲ್ಯಾಪ್‌ಟಾಪಿನ ಪಾಲಿಗೆ ಮನೆಯ ವೈ-ಫೈ ಮಾಯ. ಚಾನೆಲನ್ನು 1, 6 ಅಥವಾ 11ಕ್ಕೆ ನಿಲ್ಲಿಸಿದರೆ ಮರಳಿ ಕಾಣುತ್ತದೆ.

ಹೆಸರು ಕಂಡು, ಪಾಸ್‌ವರ್ಡ್ ಸರಿಯಿದ್ದೂ ಒಳಬಿಡದಿದ್ದರೆ ಭದ್ರತಾ ವಿಧಾನವನ್ನು ಶಂಕಿಸಬೇಕು. 2018ರಲ್ಲಿ ಬಂದ ಡಬ್ಲ್ಯುಪಿಎ3 ಮಾತ್ರ ಒಪ್ಪುವಂತೆ ರೂಟರನ್ನು ಇಟ್ಟಿದ್ದರೆ ಹಳೆಯ ಕಾರ್ಡುಗಳಿಗೆ ಪ್ರವೇಶವಿಲ್ಲ. ಡಬ್ಲ್ಯುಪಿಎ2 ಕೂಡ ಒಪ್ಪುವ ಮಿಶ್ರ ವಿಧಾನಕ್ಕೆ ಬದಲಿಸಬೇಕು. ಇನ್ನೂ ಹಿಂದಕ್ಕೆ ಹೋಗಿ ಡಬ್ಲ್ಯುಇಪಿಯನ್ನು ಆರಿಸುವುದು ಮಾತ್ರ ಬೇಡ. ಅದರ ಬೀಗ 2001ರಲ್ಲೇ ಮುರಿದಿದೆ.

ವೈ-ಫೈ ಕೂಡಿದೆ, ನೆಟ್ ಇಲ್ಲ ಎಂಬ ಸ್ಥಿತಿಯಲ್ಲಿ ಯಂತ್ರದ ಐಪಿ ವಿಳಾಸವೇ ಸುಳಿವು. ಅದು 169.254ರಿಂದ ಶುರುವಾಗಿದ್ದರೆ ರೂಟರಿನಿಂದ ವಿಳಾಸ ಸಿಗದೆ ಲ್ಯಾಪ್‌ಟಾಪ್ ತಾನೇ ಒಂದನ್ನು ಇಟ್ಟುಕೊಂಡಿದೆ. ರೂಟರನ್ನೂ ಲ್ಯಾಪ್‌ಟಾಪನ್ನೂ ಮರುಚಾಲೂ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ವಿಳಾಸ ಸರಿಯಿದ್ದು, ಹೊರಗಿನ ವಿಳಾಸವಾದ 8.8.8.8ಕ್ಕೆ ಪಿಂಗ್ ಮಾಡಿದಾಗ ಉತ್ತರ ಬಂದೂ ಜಾಲತಾಣದ ಹೆಸರಿಗೆ ಬರದಿದ್ದರೆ ತಪ್ಪು ಹೆಸರನ್ನು ವಿಳಾಸವಾಗಿ ಬದಲಿಸಿಕೊಡುವ ಡಿಎನ್‌ಎಸ್‌ನದು.

ಇವೆಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಗಡಿಯಾರ. ಲ್ಯಾಪ್‌ಟಾಪಿನೊಳಗೆ ದಿನಾಂಕ ಕಾಯುವ ಒಂದು ಸಣ್ಣ ಬಿಲ್ಲೆ ಸೆಲ್ ಇರುತ್ತದೆ. ಹಲವು ಮಾದರಿಗಳಲ್ಲಿ ಅದು 3 ವೋಲ್ಟಿನ ಸಿಆರ್2032. ಅದೂ ಸತ್ತು, ದೊಡ್ಡ ಬ್ಯಾಟರಿಯೂ ಸತ್ತು, ಯಂತ್ರ ಚಾರ್ಜರಿನ ಬಲದಲ್ಲಷ್ಟೇ ನಡೆಯುತ್ತಿದ್ದರೆ ಕರೆಂಟು ಹೋದಾಗಲೆಲ್ಲ ದಿನಾಂಕ ಹಲವು ವರ್ಷ ಹಿಂದಕ್ಕೆ ಜಿಗಿಯುತ್ತದೆ. ವೈ-ಫೈ ಕೂಡುತ್ತದೆ, ಪಿಂಗ್ ಉತ್ತರಿಸುತ್ತದೆ, ಪುಟಗಳು ಮಾತ್ರ ತೆರೆಯುವುದಿಲ್ಲ. ಭದ್ರ ಜಾಲತಾಣಗಳ ಪ್ರಮಾಣಪತ್ರಕ್ಕೆ ಆರಂಭ ಮತ್ತು ಕೊನೆಯ ದಿನಾಂಕಗಳಿರುತ್ತವೆ. 2010ರಲ್ಲಿದ್ದೇನೆಂದು ನಂಬಿದ ಯಂತ್ರಕ್ಕೆ ಇಂದಿನ ಪ್ರಮಾಣಪತ್ರ ಇನ್ನೂ ಹುಟ್ಟಿಯೇ ಇಲ್ಲ. ತಾನಾಗಿ ಸಮಯ ತಿದ್ದಿಕೊಳ್ಳುವ ಸೌಲಭ್ಯವನ್ನು ನೆಚ್ಚುವಂತಿಲ್ಲ: ವಿಂಡೋಸ್ ಎಕ್ಸ್‌ಪಿ ದಿನಾಂಕ ತಾಳೆಯಾಗುತ್ತಿಲ್ಲವೆಂಬ ಕಾರಣಕ್ಕೇ ತಿದ್ದುಪಡಿಯನ್ನು ನಿರಾಕರಿಸುತ್ತಿತ್ತು. ಕೈಯಾರೆ ದಿನಾಂಕ ಹಾಕಿ, ಸೆಲ್ ಬದಲಿಸುವುದೇ ದಾರಿ.

ಗಡಿಯಾರ ಸರಿಯಿದ್ದೂ ಪ್ರಮಾಣಪತ್ರದ ದೂರು ನಿಲ್ಲದಿದ್ದರೆ ಯಂತ್ರದೊಳಗಿನ ಮೂಲ ಪ್ರಮಾಣಪತ್ರಗಳೇ ಹಳತಾಗಿರಬಹುದು. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಪ್ರಮಾಣಪತ್ರಗಳಿಗೆ ಆಧಾರವಾಗಿದ್ದ ಒಂದು ಮೂಲಪತ್ರದ ಅವಧಿ 2021ರ ಸೆಪ್ಟೆಂಬರ್ 30ರಂದು ಮುಗಿದಾಗ, ಹೊಸ ಮೂಲಪತ್ರವಿಲ್ಲದ ಹಳೆಯ ಯಂತ್ರಗಳಲ್ಲಿ ಅನೇಕ ತಾಣಗಳು ಒಮ್ಮೆಲೇ ತೆರೆಯದಾದವು. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2020ರ ಜನವರಿ 14ಕ್ಕೆ ಮುಗಿದಿದೆ. ಕ್ರೋಮ್ ಅದನ್ನು 109ನೆಯ ಆವೃತ್ತಿಯ ನಂತರ ಕೈಬಿಟ್ಟಿತು. ಅಂಥ ಯಂತ್ರಕ್ಕೆ ಹಗುರವಾದ ಲಿನಕ್ಸ್ ಹಾಕುವುದು ಬ್ಯಾಂಕ್ ವ್ಯವಹಾರ ಮಾಡುವವರಿಗಂತೂ ಮೇಲು.

ವೈ-ಫೈ ಕಾರ್ಡೇ ಸತ್ತಿದೆಯೇ ಎಂದು ತಿಳಿಯಲು ಲ್ಯಾನ್ ಕೇಬಲ್ ಸಿಕ್ಕಿಸಿ ನೋಡಬೇಕು. ತಂತಿಯಲ್ಲಿ ನೆಟ್ ಬಂದರೆ ಕಾರ್ಡು ಅಥವಾ ಅದರ ಡ್ರೈವರಿನದೇ ದೋಷ. ಒಳಗಿನ ಕಾರ್ಡನ್ನು ಬದಲಿಸಬಹುದಾದರೂ ಕೆಲವು ತಯಾರಕರ ಬಯಾಸ್ ತಾನು ಗುರುತಿಸಿದ ಕಾರ್ಡುಗಳನ್ನಷ್ಟೇ ಒಪ್ಪುವುದರಿಂದ ತಂದ ಕಾರ್ಡು ವ್ಯರ್ಥವಾಗುವುದುಂಟು. ಯುಎಸ್‌ಬಿ ವೈ-ಫೈ ಅಡಾಪ್ಟರಿಗೆ ಈ ತಕರಾರಿಲ್ಲ. ಹಳೆಯ ಲ್ಯಾಪ್‌ಟಾಪಿಗೆ ಅದೇ ಸುಲಭದ ಬದಲಿ. ಕೊಳ್ಳುವ ಮುನ್ನ ತನ್ನ ವಿಂಡೋಸ್ ಆವೃತ್ತಿಗೆ ಡ್ರೈವರ್ ಇದೆಯೇ ಎಂದು ಡಬ್ಬಿಯ ಹಿಂಬದಿಯಲ್ಲಿ ಓದಿಕೊಳ್ಳಬೇಕು.