ಯುಗಕ್ಕೆ ಮತದ ಹೆಸರು, ಓಲೆಗೆ ನೋಂಪಿಯ ಋಣ

ಕನ್ನಡ ಸಾಹಿತ್ಯ ಚರಿತ್ರೆಯನ್ನು ತರಗತಿಯಲ್ಲಿ ಓದಿದವರಿಗೆಲ್ಲ ಜೈನಯುಗ, ವೀರಶೈವಯುಗ, ಬ್ರಾಹ್ಮಣಯುಗ ಎಂಬ ಪಟ್ಟಿ ಬಾಯಿಪಾಠ. ಈ ವಿಂಗಡಣೆಗೆ ಬಹಳ ವಯಸ್ಸಾಗಿಲ್ಲ. ಕಿಟ್ಟೆಲ್ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಅಚ್ಚು ಹಾಕಿಸಿದಾಗ ಅದರ ಮುನ್ನುಡಿಯಲ್ಲೇ ಹಳಗನ್ನಡ ಸಾಹಿತ್ಯದ ಸಮೀಕ್ಷೆಯೊಂದನ್ನು ಬರೆದ. 1915ರಲ್ಲಿ ಬಂದ ಇ. ಪಿ. ರೈಸ್ ಅವರ ಇಂಗ್ಲಿಷ್ ಚರಿತ್ರೆಯ ಕಾಲಘಟ್ಟಗಳಂತೂ ಜೈನ, ಲಿಂಗಾಯತ, ವೈಷ್ಣವ ಎಂದೇ ನಿಂತವು. ಇಬ್ಬರೂ ಮಿಷನರಿಗಳು. ಕವಿಯೊಬ್ಬ ಎದುರಾದರೆ ಅವನ ಮತ ಯಾವುದೆಂದು ಮೊದಲು ಕೇಳುವುದು ಅವರಿಗೆ ಸಹಜವಾಗಿತ್ತು. ತಪ್ಪನ್ನೆಲ್ಲ ಅವರ ತಲೆಗೆ ಕಟ್ಟುವುದು ಮಾತ್ರ ಸರಿಯಲ್ಲ. ಓಲೆಗರಿಗಳೇ ಬಸದಿಯಲ್ಲಿ ಒಂದಷ್ಟು, ಮಠದಲ್ಲಿ ಒಂದಷ್ಟು, ಅಗ್ರಹಾರದ ಅಟ್ಟದಲ್ಲಿ ಒಂದಷ್ಟು ಎಂದು ಹಂಚಿಹೋಗಿದ್ದವು. 1907ರಿಂದ 1929ರವರೆಗೆ ಮೂರು ಸಂಪುಟಗಳಲ್ಲಿ ಕರ್ನಾಟಕ ಕವಿಚರಿತೆಯನ್ನು ಕಟ್ಟಿಕೊಟ್ಟ ಆರ್. ನರಸಿಂಹಾಚಾರ್ಯರು ಕಾಲಾನುಕ್ರಮವನ್ನು ಹಿಡಿದರೂ ಕವಿಯ ಮತವನ್ನು ಗುರುತಿಸದೆ ಮುಂದೆ ಹೋಗಲಿಲ್ಲ. ಕಟ್ಟುಗಳು ಇದ್ದ ಜಾಗವೇ ಚರಿತ್ರೆಯ ಅಧ್ಯಾಯಗಳಾಯಿತೆಂದರೆ ಹೆಚ್ಚು ತಪ್ಪಾಗಲಾರದು.

ಅಧ್ಯಾಯಗಳು ಮಾತ್ರ ಒಳಗಿನ ಸರಕಿಗೆ ಹೊಂದಲಿಲ್ಲ. ಜೈನಯುಗದ ನಡುಮಧ್ಯೆ 1031ರಲ್ಲಿ ಪಂಚತಂತ್ರ ಬರೆದ ದುರ್ಗಸಿಂಹ ಬ್ರಾಹ್ಮಣ. ಕರ್ಣಾಟಕ ಕಾದಂಬರಿಯ ನಾಗವರ್ಮನೂ ಹಾಗೆಯೇ. ಜೈನನಾದ ನೇಮಿಚಂದ್ರ ಲೀಲಾವತಿಯಲ್ಲಿ ಬರೆದದ್ದು ಶೃಂಗಾರದ ಕಥೆ. ವೈಷ್ಣವರದೆಂದು ಬಿಟ್ಟುಕೊಟ್ಟ 16ನೆಯ ಶತಮಾನದಲ್ಲಿ ಮೂಡಬಿದಿರೆಯ ರತ್ನಾಕರವರ್ಣಿ ಭರತೇಶ ವೈಭವವನ್ನು ಸಾಂಗತ್ಯದಲ್ಲಿ ಹಾಡಿದ. ಪಂಪನ ಮನೆಯನ್ನೇ ನೋಡಿ. ತಂದೆ ಬ್ರಾಹ್ಮಣ ಕುಲದಿಂದ ಬಂದು ಜಿನಧರ್ಮ ಹಿಡಿದವನು. ತಮ್ಮ ಜಿನವಲ್ಲಭ ಈಗಿನ ತೆಲಂಗಾಣದ ಕುರಿಕ್ಯಾಲದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲೂ ಶಾಸನ ಹಾಕಿಸಿದವನು. ಪಂಪ ಒಂದು ಕೈಯಲ್ಲಿ ತೀರ್ಥಂಕರನ ಪುರಾಣವನ್ನೂ ಇನ್ನೊಂದು ಕೈಯಲ್ಲಿ ದೊರೆ ಅರಿಕೇಸರಿಗಾಗಿ ಭಾರತವನ್ನೂ ಬರೆದ. ಇಂಥ ತೊಡಕನ್ನು ಕಂಡೇ ರಂ. ಶ್ರೀ. ಮುಗಳಿಯವರು 1953ರ ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಮತಗಳ ಹೆಸರನ್ನು ಕೈಬಿಟ್ಟು ಪಂಪಯುಗ, ಬಸವಯುಗ, ಕುಮಾರವ್ಯಾಸಯುಗ ಎಂದರು. ಇದು ಬರಿಯ ಬೋರ್ಡು ಬದಲಾವಣೆ; ಭವಾವಳಿ, ಕರ್ಮಸಿದ್ಧಾಂತ ತಿಳಿಯದೆ ಪಂಪನ ಆದಿಪುರಾಣ ಓದಲಾದೀತೇ ಎಂಬ ಆಕ್ಷೇಪ ಬರುತ್ತದೆ. ಅದರಲ್ಲಿ ಹುರುಳಿದೆ. ಲಲಿತಾಂಗ, ಸ್ವಯಂಪ್ರಭೆಯರು ಮುಂದಿನ ಭವದಲ್ಲಿ ವಜ್ರಜಂಘ, ಶ್ರೀಮತಿಯರಾಗಿ ಕೂಡುವುದು ಕರ್ಮದ ಲೆಕ್ಕವಿಲ್ಲದೆ ಹೋದರೆ ಬರಿಯ ಪ್ರಣಯಕಥೆ. ಆದರೆ ಅದೇ ಸಿದ್ಧಾಂತ, ಅದೇ ಕಥೆ ಜಿನಸೇನರ ಸಂಸ್ಕೃತ ಪೂರ್ವಪುರಾಣದಲ್ಲೂ ಇದೆ. ಪಂಪ ಎತ್ತಿಕೊಂಡದ್ದೇ ಅಲ್ಲಿಂದ. ಇಬ್ಬರಿಗೂ ಸಮನಾಗಿರುವ ಮತ ಇಬ್ಬರ ನಡುವಿನ ಅಂತರವನ್ನು ವಿವರಿಸಲಾರದು. ಮತವು ಸಾಹಿತ್ಯಕ್ಕೆ ಕೊಟ್ಟದ್ದನ್ನು ತತ್ತ್ವದಲ್ಲಷ್ಟೇ ಹುಡುಕಿದ್ದು ನಮ್ಮ ಹಳೆಯ ವಿದ್ವತ್ತಿನ ಅರೆಕೊರೆ. ಅದು ಕೊಟ್ಟ ದೊಡ್ಡ ವಸ್ತು ಬೇರೆ: ಬರೆಸುವವರು, ಪ್ರತಿ ಮಾಡುವವರು, ಕಾಪಾಡುವವರು, ಕೂತು ಕೇಳುವವರು.

ಜೈನರಲ್ಲಿ ಆಹಾರ, ಅಭಯ, ಔಷಧಗಳ ಸಾಲಿಗೆ ಶಾಸ್ತ್ರವೂ ಒಂದು ದಾನ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದಳೆಂಬ ಮಾತು ಎಲ್ಲರೂ ಬಲ್ಲದ್ದು. ಮೂಡಬಿದಿರೆಯ ಸಿದ್ಧಾಂತ ಬಸದಿಯ ಓಲೆಗಳ ಸಂಗತಿ ಇನ್ನೂ ಅರ್ಥವತ್ತಾದದ್ದು. ಷಟ್ಖಂಡಾಗಮ, ಅದರ ಮೇಲಿನ ಧವಳಾ ಟೀಕೆ ಇವುಗಳ ಭಾಷೆ ಪ್ರಾಕೃತ, ಸಂಸ್ಕೃತ, ಲಿಪಿ ಹಳಗನ್ನಡ. ಷಟ್ಖಂಡಾಗಮದ ಭಾಗವೇ ಆದ ಮಹಾಬಂಧದ ಅಲ್ಲಿರುವ ಪ್ರತಿಯನ್ನು ಮಲ್ಲಿಕಬ್ಬೆ ಎಂಬಾಕೆ ಪಂಚಮಿಯ ನೋಂಪಿಯ ಉದ್ಯಾಪನೆಗೆಂದು ಬರೆಸಿ ಮಾಘನಂದಿ ಮುನಿಗೆ ಒಪ್ಪಿಸಿದಳು. ನೋಂಪಿ ಮುಗಿಯಬೇಕಾದರೆ ಪುಸ್ತಕ ಬರೆಸಬೇಕು ಎಂಬ ನೇಮ ಇಲ್ಲದಿದ್ದರೆ ದಿಗಂಬರರ ಆ ಮೂಲಗ್ರಂಥ ಇಂದು ನಮ್ಮ ಪಾಲಿಗಿರುತ್ತಿರಲಿಲ್ಲ. ಪೂಜೆಯೇ ಗ್ರಂಥವನ್ನು ಬಚ್ಚಿಟ್ಟಿತಲ್ಲ ಎನ್ನುವವರೂ ಇದ್ದಾರೆ. ನಿಜ, ಶತಮಾನಗಟ್ಟಲೆ ಅದು ಯಾತ್ರಿಕರ ದರ್ಶನಕ್ಕಿತ್ತೇ ಹೊರತು ಓದಿಗಿರಲಿಲ್ಲ. 19ನೆಯ ಶತಮಾನದ ಕೊನೆಗೆ ನಕಲು ಮಾಡುವ ಕೆಲಸ ಶುರುವಾಗಿ, ಅಚ್ಚಿನ ಮೊದಲ ಸಂಪುಟ ಹೊರಬಂದದ್ದು 1939ರಲ್ಲಿ. ಉಳಿಸಿದ ಕೈಯೇ ಮುಚ್ಚಿಟ್ಟ ಕೈಯೂ ಆಗಿತ್ತು. ಒಂದನ್ನು ಒಪ್ಪಿ ಇನ್ನೊಂದನ್ನು ಮರೆಮಾಡಿದರೆ ಲೆಕ್ಕ ತಪ್ಪುತ್ತದೆ.

ವಚನಗಳ ವಿಷಯದಲ್ಲಿ ಈ ಜಗಳ ಇನ್ನೂ ಬಿಸಿಯಾಗಿದೆ. 12ನೆಯ ಶತಮಾನದಲ್ಲಿ ಆಡಿದ ನುಡಿಗಳು ಇಂದಿನ ರೂಪದಲ್ಲಿ ನಮಗೆ ಸಿಕ್ಕಿರುವುದಕ್ಕೆ 15ನೆಯ ಶತಮಾನದ ಪ್ರೌಢದೇವರಾಯನ ಕಾಲದ ವಿರಕ್ತರ ಶ್ರಮ ಕಾರಣ. ಚೆದುರಿದ್ದನ್ನು ಸಂವಾದವಾಗಿ ಪೋಣಿಸಿದ ಶೂನ್ಯಸಂಪಾದನೆ ಅದರ ಫಲ. ಆಯ್ದದ್ದು, ಜೋಡಿಸಿದ್ದು ಮತದ ಕಣ್ಣಿನಿಂದಲೇ. ಬಿಜಾಪುರದ ವಕೀಲ ಫ. ಗು. ಹಳಕಟ್ಟಿಯವರು 1923ರಲ್ಲಿ ಅವನ್ನು ಅಚ್ಚಿಗೆ ತಂದಾಗ ಪುಸ್ತಕಕ್ಕೆ ಇಟ್ಟ ಹೆಸರು ವಚನ ಶಾಸ್ತ್ರಸಾರ. ಸಾಹಿತ್ಯವೆನ್ನಲಿಲ್ಲ, ಶಾಸ್ತ್ರವೆಂದರು. (ಅದು ಅಚ್ಚಾದದ್ದು ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ, ಅಚ್ಚುಮೊಳೆಗೆ ಯಾವ ಮತ!) ಮುಂದೆ ಹಲವು ಪರಿಷ್ಕರಣಗಳಾಗಿ, 1993ರಲ್ಲಿ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸರ್ಕಾರವೇ 15 ಸಂಪುಟಗಳನ್ನು ತರುವ ಹೊತ್ತಿಗೆ ವಚನ ಎಲ್ಲರ ಸಾಹಿತ್ಯವಾಗಿತ್ತು. ಭಕ್ತರು ಇದನ್ನು ಒಪ್ಪುವುದಿಲ್ಲ. ನಿತ್ಯಪಾಠದ ನುಡಿಯನ್ನು ಕವಿತೆಯೆಂದು ಅಳೆದರೆ ಅದರ ಪ್ರಾಣ ಹೋಗುತ್ತದೆ ಎನ್ನುತ್ತಾರೆ. ಅವರ ಅಳುಕು ಹುಸಿಯಲ್ಲ, ವಾದ ಮಾತ್ರ ಅರ್ಧ. ಹೊಲೆಯ, ಅಂಬಿಗ, ಕದಿರು ತಿರುಗಿಸುವ ಹೆಂಗಸು ತಮ್ಮ ಕಸುಬಿನ ಮಾತಿನಲ್ಲೇ ದೇವರನ್ನು ಕುರಿತು ಹೇಳಬಹುದೆಂಬ ಧೈರ್ಯ ಬಂದದ್ದು ನಂಬಿಕೆಯಿಂದ. ಆ ಮಾತು ಇಂದು ಇಷ್ಟಲಿಂಗ ಕಟ್ಟದವನನ್ನೂ ತಟ್ಟುವುದು ಅದು ನುಡಿಯಾಗಿ ಗಟ್ಟಿಯಾಗಿರುವುದರಿಂದ. ಒಂದನ್ನು ಕಳೆದು ಇನ್ನೊಂದನ್ನು ಉಳಿಸಿಕೊಳ್ಳುವ ದಾರಿ ನನಗಂತೂ ಕಾಣದು.

ಹರಿದಾಸರ ಪದಗಳನ್ನು ಮಂಗಳೂರಿನ ಬಾಸೆಲ್ ಮಿಷನ್ನಿನ ಮೋಗ್ಲಿಂಗ್ ಅಚ್ಚಿಗೆ ತಂದದ್ದು, ಶಿಶುನಾಳ ಶರೀಫರ ತತ್ವಪದಗಳು ಬಾಯಿಂದ ಬಾಯಿಗೆ ದಾಟಿಬಂದದ್ದು ಇದೇ ಕಥೆಯ ಬೇರೆ ಎಳೆಗಳು. ಇತ್ತೀಚಿನ ದಶಕಗಳಲ್ಲಿ ರಹಮತ್ ತರೀಕೆರೆಯವರು ಸೂಫಿ, ನಾಥ, ಶಾಕ್ತ ಪಂಥಗಳ ಜಾಡು ಹಿಡಿದು ಊರೂರು ಸುತ್ತಿ ಬರೆದ ಮೇಲೆ, ಮೂರೇ ಯುಗಗಳ ಹಳೆಯ ಚೌಕಟ್ಟಿನ ಹೊರಗೆ ಎಷ್ಟು ಉಳಿದಿತ್ತೆಂಬುದು ಸ್ಪಷ್ಟವಾಯಿತು. ಮಂಟೇಸ್ವಾಮಿ ಕಾವ್ಯ ಅಂಥದ್ದು. ಮೈಸೂರು, ಮಂಡ್ಯ, ಚಾಮರಾಜನಗರ ಸೀಮೆಯಲ್ಲಿ ದೀಕ್ಷೆ ಪಡೆದ ನೀಲಗಾರರು ತಂಬೂರಿ ಹಿಡಿದು ಅದನ್ನು ಹಾಡುತ್ತಾರೆ. ಓಲೆಯ ಬದಲು ದೀಕ್ಷೆಯೇ ಕೃತಿಯನ್ನು ಹೊತ್ತಿದೆ. ಶತಮಾನಗಳ ಈಚಿನ ಮಂಟೇಸ್ವಾಮಿ ಅಲ್ಲಿ ಬಸವಣ್ಣನ ಕಲ್ಯಾಣಕ್ಕೇ ಹೋಗುತ್ತಾನೆ. ಮೈಯೆಲ್ಲ ಹುಣ್ಣು, ನಾರುವ ವೇಷ. ಜಂಗಮರೆಲ್ಲ ಮೂಗು ಮುಚ್ಚಿಕೊಂಡು ದೂರ ಸರಿಯುತ್ತಾರೆ. ಕಾಲ ತಪ್ಪಿದೆ ಎಂದು ಚರಿತ್ರೆಕಾರ ಗುರುತು ಹಾಕಿಕೊಳ್ಳುವಷ್ಟರಲ್ಲಿ, ಮಠದ ಬಾಗಿಲಲ್ಲಿ ಯಾರನ್ನು ಒಳಗೆ ಬಿಟ್ಟರು, ಯಾರನ್ನು ತಡೆದರು ಎಂಬ ಪ್ರಶ್ನೆಯನ್ನು ನೀಲಗಾರ ಹಾಡಿ ಮುಗಿಸಿರುತ್ತಾನೆ.