ಟೂತ್‌ಪೇಸ್ಟ್ ಹಚ್ಚಿದರೆ ಮಬ್ಬಾದ ಹೆಡ್‌ಲೈಟ್ ಹೊಸದಾಗುತ್ತದೆಯೇ? ಗಲ್ಫ್ ಬಿಸಿಲಿನ ಕಾರುಗಳ ಕಥೆ

ಹಳದಿಗಟ್ಟಿದ ಹೆಡ್‌ಲೈಟ್ ಮೇಲೆ ಟೂತ್‌ಪೇಸ್ಟ್ ಹಚ್ಚಿ, ಬಟ್ಟೆಯಿಂದ ನಾಲ್ಕು ಸುತ್ತು ಉಜ್ಜಿ, ನೀರು ಸುರಿದರೆ ಫಳಫಳ ಹೊಳೆಯುತ್ತದೆ. ಈ ವಿಡಿಯೊ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಮಂಗಳೂರು, ಉಡುಪಿ, ಭಟ್ಕಳದ ಕಡೆಯ ಮನೆಗಳಲ್ಲಿ ಗಲ್ಫ್‌ನಲ್ಲಿರುವವರು ಒಬ್ಬರಾದರೂ ಸಿಗುತ್ತಾರೆ. ಅವರಿಗಂತೂ ಇದು ದಿನನಿತ್ಯದ ಸಮಸ್ಯೆ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಪಾಸಿಂಗ್‌ಗೆ ಹೋಗುವ ಮುನ್ನ ಮೊದಲು ನೋಡುವುದೇ ಹೆಡ್‌ಲೈಟನ್ನು.

ವಿಡಿಯೊದಲ್ಲಿ ಹೇಳಿರುವುದು ಅರ್ಧ ಸತ್ಯ. ಉಜ್ಜಿದರೆ ಮಬ್ಬು ಸ್ವಲ್ಪ ಹೋಗುತ್ತದೆ, ಆದರೆ ಉಳಿಯುವುದಿಲ್ಲ. ಮರುಭೂಮಿಯ ಬಿಸಿಲಿನಲ್ಲಿ ಇನ್ನೂ ಬೇಗ ವಾಪಸ್ ಬರುತ್ತದೆ.

ಮಬ್ಬಾಗುವುದು ಯಾಕೆ?

ಹಿಂದೆ ಹೆಡ್‌ಲೈಟಿನ ಮುಂಭಾಗ ಗಾಜಿನದಾಗಿತ್ತು. ಗಾಜು ಹಳದಿಯಾಗುವುದಿಲ್ಲ, ಆದರೆ ತೂಕ ಹೆಚ್ಚು, ಕಲ್ಲು ಬಿದ್ದರೆ ಒಡೆಯುತ್ತದೆ, ಬೇಕಾದ ಆಕಾರಕ್ಕೆ ಬಗ್ಗಿಸುವುದೂ ಕಷ್ಟ. ಅಮೆರಿಕದಲ್ಲಿ 1983ರಲ್ಲಿ ನಿಯಮ ಬದಲಾಗಿ, 1984ರ ಮಾದರಿಯ ಲಿಂಕನ್ ಮಾರ್ಕ್ 7 ಕಾರಿನಲ್ಲಿ ಹೊಸ ಬಗೆಯ ಪ್ಲಾಸ್ಟಿಕ್ ಹೆಡ್‌ಲೈಟ್ ಬಂತು. ಈಗ ಹೆಚ್ಚುಕಡಿಮೆ ಎಲ್ಲ ಕಾರುಗಳಲ್ಲೂ ಇರುವುದು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಸುತ್ತಿಗೆಯಿಂದ ಹೊಡೆದರೂ ಸುಲಭಕ್ಕೆ ಒಡೆಯದಷ್ಟು ಗಟ್ಟಿ.

ಅದರ ದೌರ್ಬಲ್ಯ ಇರುವುದು ಬಿಸಿಲಿನ ಅತಿನೇರಳೆ ಕಿರಣಗಳ ಎದುರು. ಈ ಕಿರಣಗಳು ಪ್ಲಾಸ್ಟಿಕ್ಕಿನ ಅಣುಸರಪಳಿಗಳನ್ನು ತುಂಡರಿಸುತ್ತವೆ. ತುಂಡಾದ ಭಾಗಗಳು ಆಮ್ಲಜನಕದ ಜೊತೆ ಸೇರಿ ಹೊಸ ಸಂಯುಕ್ತಗಳಾಗುತ್ತವೆ. ಹಳದಿ ಬಣ್ಣ ಬರುವುದು ಇವುಗಳಿಂದಲೇ. ಇದನ್ನು ತಡೆಯಲೆಂದು ಕಾರ್ಖಾನೆಯಲ್ಲೇ ಲೆನ್ಸ್ ಮೇಲೆ ತೆಳುವಾದ ಗಟ್ಟಿ ಲೇಪನ ಹಾಕಿರುತ್ತಾರೆ. ವರ್ಷಗಳು ಕಳೆದಂತೆ ಆ ಲೇಪನವೇ ಸವೆದು ಸಿಪ್ಪೆ ಏಳುತ್ತದೆ. ನೀವು ನೋಡುವ ಮಬ್ಬಿನಲ್ಲಿ ಈ ಸತ್ತ ಲೇಪನದ ಪಾಲೂ ಇರುತ್ತದೆ.

ಗಲ್ಫ್‌ನಲ್ಲಿ ಇದೆಲ್ಲ ವೇಗವಾಗಿ ಆಗುತ್ತದೆ. ವರ್ಷದ ಹೆಚ್ಚಿನ ದಿನ ಮೋಡವಿಲ್ಲದ ಆಕಾಶ. ಕುವೈತಿನ ಮಿತ್ರಿಬಾದಲ್ಲಿ 2016ರ ಜುಲೈ 21ರಂದು 53.9 ಡಿಗ್ರಿ ಸೆಲ್ಸಿಯಸ್ ದಾಖಲಾಗಿದೆ. ಶಾಖ ಹೆಚ್ಚಿದಷ್ಟೂ ರಾಸಾಯನಿಕ ಕ್ರಿಯೆಗೆ ವೇಗ. ಕರಾವಳಿಯ ಊರುಗಳಲ್ಲಿ ರಾತ್ರಿಯ ತೇವವೂ ಸೇರುತ್ತದೆ. ಇದರ ಮೇಲೆ ಶಮಾಲ್ ಗಾಳಿ ಹೊತ್ತು ತರುವ ಮರಳು ಲೆನ್ಸನ್ನು ಸಣ್ಣಗೆ ಗೀರುತ್ತಲೇ ಇರುತ್ತದೆ.

“ಬಿಸಿಲಿಗೆ ಪ್ಲಾಸ್ಟಿಕ್ ಕರಗಿ ಹೀಗಾಗುತ್ತದೆ” ಎಂಬ ಮಾತೂ ಓಡಾಡುತ್ತಿದೆ. ಅದು ಸುಳ್ಳು. ಪಾಲಿಕಾರ್ಬೊನೇಟ್ ಮೆದುವಾಗಲು ಸುಮಾರು 145 ಡಿಗ್ರಿ ಬೇಕು. ಯಾವ ಮರುಭೂಮಿಯ ಬಿಸಿಲೂ ಕಾರನ್ನು ಅಷ್ಟು ಕಾಯಿಸುವುದಿಲ್ಲ.

ವಿಡಿಯೊದ ಗುಟ್ಟು ನೀರಿನಲ್ಲಿದೆ

ಮಬ್ಬಾದ ಲೆನ್ಸಿನ ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗೀರು, ಗುಂಡಿಗಳಿರುತ್ತವೆ. ಬೆಳಕು ಅಲ್ಲಿ ದಿಕ್ಕಾಪಾಲಾಗಿ ಚದುರುತ್ತದೆ. ನೀರು ಹಾಕಿದಾಗ ಆ ಗುಂಡಿಗಳು ತುಂಬಿಕೊಳ್ಳುತ್ತವೆ. ಬೆಳಕನ್ನು ಬಾಗಿಸುವ ಗುಣದಲ್ಲಿ ಗಾಳಿಗಿಂತ ನೀರು ಪ್ಲಾಸ್ಟಿಕ್ಕಿಗೆ ಹತ್ತಿರ, ಹಾಗಾಗಿ ಚದುರುವಿಕೆ ಕಡಿಮೆಯಾಗಿ ಲೆನ್ಸ್ ಸ್ವಚ್ಛವಾದಂತೆ ಕಾಣುತ್ತದೆ. ಬರಿಯ ನೀರು ಹಾಕಿದರೂ ಇದೇ ಕಾಣುತ್ತದೆ, ಟೂತ್‌ಪೇಸ್ಟ್ ಬೇಕಾಗಿಯೇ ಇಲ್ಲ. ಮುಂದಿನ ಸಲ ಇಂಥ ವಿಡಿಯೊ ಬಂದಾಗ ಗಮನಿಸಿ, “ಆಮೇಲೆ” ಎಂದು ತೋರಿಸುವಾಗ ಲೆನ್ಸ್ ಇನ್ನೂ ಒದ್ದೆಯಾಗಿದೆಯೇ ಅಂತ.

ಇದರಿಂದ ಒಂದು ಉಪಯೋಗವೂ ಇದೆ. ನಿಮ್ಮ ಕಾರಿನ ಹೆಡ್‌ಲೈಟಿಗೆ ನೀರು ಹಾಕಿ ನೋಡಿ. ಮಬ್ಬು ಮಾಯವಾದರೆ ತೊಂದರೆ ಹೊರಮೈಯಲ್ಲಿದೆ, ಪಾಲಿಶ್‌ನಿಂದ ಸರಿಹೋಗುತ್ತದೆ. ಹಾಗೇ ಉಳಿದರೆ ಒಳಗೆ ತೇವ ಅಥವಾ ದೂಳು ಸೇರಿರಬಹುದು, ಇಲ್ಲವೇ ಪ್ಲಾಸ್ಟಿಕ್ ಆಳದವರೆಗೆ ಬಿರುಕು ಬಿಟ್ಟಿರಬಹುದು. ಆಗ ಹೊರಗಿನಿಂದ ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ.

ಫಾರ್ವರ್ಡ್‌ಗಳಲ್ಲಿ ಬರುವ ಮದ್ದುಗಳು

ಟೂತ್‌ಪೇಸ್ಟ್‌ನಲ್ಲಿ ಹಲ್ಲು ಉಜ್ಜಲೆಂದೇ ಹಾಕಿದ ನಯವಾದ ಪುಡಿ ಇರುತ್ತದೆ. ಅದು ಲೆನ್ಸಿನ ಮೇಲ್ಪದರವನ್ನು ಚೂರು ಸವೆಸುತ್ತದೆ, ಅಷ್ಟೇ. ಅತಿನೇರಳೆ ಕಿರಣ ತಡೆಯುವ ಯಾವುದೂ ಅದರಲ್ಲಿಲ್ಲ. ಅಲ್ಪಸ್ವಲ್ಪ ಉಳಿದಿದ್ದ ಲೇಪನವೂ ಉಜ್ಜುವಾಗ ಹೋಗಿ, ಪ್ಲಾಸ್ಟಿಕ್ ಬರಿಮೈಯಲ್ಲಿ ಬಿಸಿಲಿಗೆ ಸಿಗುತ್ತದೆ.

ಡಬ್ಲ್ಯುಡಿ-40, ಅಡುಗೆ ಎಣ್ಣೆ ಮಾಡುವುದು ನೀರಿನ ಕೆಲಸವನ್ನೇ, ಒಣಗಲು ಸ್ವಲ್ಪ ಹೆಚ್ಚು ಹೊತ್ತು ಬೇಕು. ಜೊತೆಗೆ ಮರಳು ಅಂಟಿಕೊಳ್ಳುತ್ತದೆ.

ನಿಜಕ್ಕೂ ಅಪಾಯದ್ದು ಸೊಳ್ಳೆ ಸ್ಪ್ರೇ. ಡೀಟ್ ಇರುವ ಸ್ಪ್ರೇಗಳು ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಮೆದುವಾಗಿಸುತ್ತವೆ. ಪ್ಲಾಸ್ಟಿಕ್ ವಸ್ತುಗಳಿಗೆ ತಾಗಿಸಬೇಡಿ ಎಂಬ ಎಚ್ಚರಿಕೆ ಡಬ್ಬಿಯ ಮೇಲೇ ಇರುತ್ತದೆ. ಮೇಲ್ಪದರ ಮೆದುವಾಗಿ ಹರಡಿಕೊಂಡಾಗ ಹೊಳಪು ಬಂದಂತೆ ಕಾಣುತ್ತದೆ, ಆದರೆ ಮೈ ಹಾಳಾಗಿರುತ್ತದೆ. ಬಂಪರ್ ಮೇಲೆ ಸೋರಿದರೆ ಪೇಂಟಿಗೂ ಹಾನಿ. ಥಿನ್ನರ್, ಅಸಿಟೋನ್ ಕೂಡ ಬೇಡ, ಪಾಲಿಕಾರ್ಬೊನೇಟ್ ಅವುಗಳಿಂದ ಬಿರುಕು ಬಿಡುತ್ತದೆ.

ಬಾಳಿಕೆ ಬರುವ ದಾರಿ

ಮೊದಲು ಲೆನ್ಸನ್ನು ಸೋಪು ನೀರಿನಿಂದ ಚೆನ್ನಾಗಿ ತೊಳೆಯಿರಿ. ಒಂದೇ ಒಂದು ಮರಳಿನ ಕಣ ಉಳಿದರೂ ಆಳವಾದ ಗೀರು ಬೀಳುತ್ತದೆ. ಸುತ್ತಲಿನ ಪೇಂಟಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ. ನಂತರ ವಾಟರ್ ಪೇಪರಿನಿಂದ, ನೀರು ಹಾಕುತ್ತಲೇ ಉಜ್ಜಬೇಕು. ಮಬ್ಬು ದಟ್ಟವಾಗಿದ್ದರೆ 800ರಿಂದ, ಇಲ್ಲದಿದ್ದರೆ 1000ದಿಂದ ಶುರುಮಾಡಿ 1500, 2000, 3000 ನಂಬರಿನವರೆಗೆ ಹೋಗಬೇಕು. ಮೊದಮೊದಲು ಇಳಿಯುವ ನೀರು ಹಳದಿಯಾಗಿರುತ್ತದೆ. ಅದು ಬೆಳ್ಳಗೆ ಹಾಲಿನಂತೆ ಆದಾಗ ಹಳೆಯ ಲೇಪನ ಹೋಗಿದೆ ಎಂದರ್ಥ. ಈ ಹಂತದಲ್ಲಿ ಲೆನ್ಸ್ ಮೊದಲಿಗಿಂತ ಕೆಟ್ಟದಾಗಿ ಕಾಣುತ್ತದೆ, ಗಾಬರಿ ಬೇಡ. ಪಾಲಿಶಿಂಗ್ ಕಾಂಪೌಂಡ್ ಹಾಕಿದ ಮೇಲೆ ಪಾರದರ್ಶಕವಾಗುತ್ತದೆ.

ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ, ಕೆಲವು ಗ್ಯಾರೇಜಿನವರೂ ಸಹ. ಆದರೆ ಅಸಲು ಕೆಲಸ ಉಳಿದಿರುವುದೇ ಈಗ. ಐಸೊಪ್ರೊಪಿಲ್ ಆಲ್ಕೋಹಾಲ್‌ನಿಂದ ಜಿಡ್ಡು ಒರೆಸಿ, ಅತಿನೇರಳೆ ಕಿರಣ ತಡೆಯುವ ಲೇಪನ ಹಾಕಬೇಕು. ರಿಸ್ಟೋರೇಶನ್ ಕಿಟ್ ಕೊಳ್ಳುವಾಗ ಬೆಲೆಗಿಂತ ಮೊದಲು, ಅದರಲ್ಲಿ ಈ ಲೇಪನ ಇದೆಯೇ ನೋಡಿ. ಹೆಚ್ಚು ಬಾಳಿಕೆ ಬೇಕೆಂದರೆ ಎರಡು ದ್ರವ ಬೆರೆಸಿ ಹೊಡೆಯುವ ಕ್ಲಿಯರ್‌ಕೋಟ್ ಒಳ್ಳೆಯದು. ಆದರೆ ಅದರ ಆವಿ ಶ್ವಾಸಕೋಶಕ್ಕೆ ಕೆಟ್ಟದ್ದು, ಸರಿಯಾದ ಮಾಸ್ಕ್ ಇರುವ ಪೇಂಟರ್ ಕೈಗೆ ಬಿಡಿ. ಲೇಪನದ ಬದಲು ಪಾರದರ್ಶಕ ರಕ್ಷಣಾ ಫಿಲ್ಮ್ ಅಂಟಿಸುವವರೂ ಇದ್ದಾರೆ. ಮರಳುಗಾಳಿ ಇರುವ ಕಡೆ ನನ್ನ ಮಟ್ಟಿಗೆ ಅದೇ ವಾಸಿ, ಗೀರು ಬಿದ್ದರೆ ಕಿತ್ತು ಹೊಸದು ಹಾಕಬಹುದು.

ಕೆಲಸ ನೆರಳಿನಲ್ಲಿ, ಬೆಳಗಿನ ಹೊತ್ತು ಮಾಡಬೇಕು. ಕಾದ ಲೆನ್ಸ್ ಮೇಲೆ ನೀರು ನಿಲ್ಲುವುದಿಲ್ಲ, ಲೇಪನ ಹರಡುವ ಮೊದಲೇ ಒಣಗಿ ಗೆರೆಗೆರೆಯಾಗುತ್ತದೆ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಕಾರ್ಮಿಕರಿಂದ ತೆರೆದ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ನೀವೂ ಆ ಹೊತ್ತಿನಲ್ಲಿ ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂರಬೇಡಿ.

ಚಂದದ ಪ್ರಶ್ನೆ ಅಷ್ಟೇ ಅಲ್ಲ

ಅಮೆರಿಕದ ವಾಹನ ಚಾಲಕರ ಸಂಸ್ಥೆ ಎಎಎ 2018ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ತೀರಾ ಮಬ್ಬಾದ ಹೆಡ್‌ಲೈಟ್‌ಗಳು ಲೋ ಬೀಮ್‌ನಲ್ಲಿ ಹೊಸದರ ಶೇ. 20ರಷ್ಟು ಬೆಳಕನ್ನು ಮಾತ್ರ ಕೊಟ್ಟವು. ಪಾಲಿಶ್ ಮಾಡಿ ಸರಿಪಡಿಸಿದಾಗ ಅದು ಸುಮಾರು ಶೇ. 70ಕ್ಕೆ ಏರಿತು. ದೀಪಗಳಿಲ್ಲದ ಮರುಭೂಮಿ ರಸ್ತೆಯಲ್ಲಿ ಒಂಟೆ ಅಡ್ಡ ಬಂದಾಗ ಈ ವ್ಯತ್ಯಾಸ ದೊಡ್ಡದು. ಅದರ ಮೈಬಣ್ಣ ಮರಳಿನದೇ. ಮಬ್ಬು ಬೆಳಕಿನಲ್ಲಿ ಕಣ್ಣಿಗೆ ಬೀಳುವಷ್ಟರಲ್ಲಿ ಬ್ರೇಕ್ ಹಾಕಲು ಜಾಗ ಇರುವುದಿಲ್ಲ.

ಬೆಳಕು ಸಾಲದೆಂದು ಹೆಚ್ಚು ಪವರಿನ ಬಲ್ಬ್ ಹಾಕುವುದು ಪರಿಹಾರವಲ್ಲ. ಮಬ್ಬಾದ ಲೆನ್ಸ್ ಆ ಬೆಳಕನ್ನೂ ಚದುರಿಸಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ನಿಮ್ಮ ಮುಂದಿನ ರಸ್ತೆ ಹಾಗೇ ಕತ್ತಲು. ಪ್ಲಾಸ್ಟಿಕ್ ಒಳಗೇ ಜೇಡರಬಲೆಯಂತೆ ಬಿರುಕು ಕಂಡರೆ ಹೆಡ್‌ಲೈಟನ್ನೇ ಬದಲಿಸಬೇಕು, ಬದಲಿಸಿದ ಮೇಲೆ ಬೀಮ್ ಮಟ್ಟ ಹೊಂದಿಸಲು ಹೇಳಿ.

ಸರಿಪಡಿಸಿದ ಮೇಲೆ ಕಾರಿನ ಮುಖ ನೆರಳಿಗೆ ಬರುವಂತೆ ನಿಲ್ಲಿಸಿ. ಕವರ್ ಹಾಕುವುದಾದರೆ ಮೊದಲು ಮರಳು ತೊಳೆದಿರಬೇಕು. ಇಲ್ಲದಿದ್ದರೆ ಗಾಳಿಗೆ ಅಲ್ಲಾಡುವ ಕವರ್, ಅಡಿಯಲ್ಲಿ ಸಿಕ್ಕ ಮರಳಿನಿಂದ ಲೆನ್ಸನ್ನು ರಾತ್ರಿಯಿಡೀ ಉಜ್ಜುತ್ತಲೇ ಇರುತ್ತದೆ.