ಅತಿಥಿಯೂ ಒಕ್ಕಲೂ: ಅಮೆರಿಕದ ಕಾಯಿದೆಗಳಲ್ಲಿ ಶಾಶ್ವತ ವಾಸದ ಹಕ್ಕು

ಅಯ್ಯಾವೊಳೆಯ ಐನೂರ್ವರ ಶಾಸನಗಳಲ್ಲಿ ದೇಶದೇಶಗಳನ್ನು ಸುತ್ತುತ್ತಿದ್ದ ವರ್ತಕರಿಗೆ ‘ನಾನಾದೇಶಿ’ಗಳೆಂಬ ಹೆಸರು ಬಿರುದಿನಂತೆ ಬಂದಿರುವುದು ವಿದ್ವಾಂಸರಿಗೆ ತಿಳಿದ ವಿಷಯ. ಅದಕ್ಕೆ ಸಮೀಪವಾದ ‘ಪರದೇಶಿ’ ಎಂಬ ಮಾತಾದರೋ ಇಂದಿನ ಆಡುನುಡಿಯಲ್ಲಿ ದಿಕ್ಕಿಲ್ಲದವನು ಎಂಬ ಅರ್ಥಕ್ಕೆ ಇಳಿದಿದೆ. ಪರನಾಡಿನಿಂದ ಬಂದವನು ಮಾನ್ಯನೋ ದಿಕ್ಕಿಲ್ಲದವನೋ ಎಂಬುದು ಅವನ ಯೋಗ್ಯತೆಯೊಂದರಿಂದಲೇ ನಿರ್ಣಯವಾಗತಕ್ಕದ್ದಲ್ಲ; ಅವನು ಕಾಲಿಟ್ಟ ನಾಡು ಅವನನ್ನು ಅತಿಥಿಯೆಂದು ಎಣಿಸುತ್ತದೆಯೋ ಒಕ್ಕಲೆಂದು ಎಣಿಸುತ್ತದೆಯೋ ಎಂಬುದು ಅಷ್ಟೇ ಮುಖ್ಯವಾದುದು. ಅತಿಥಿಗೆ ಸತ್ಕಾರವುಂಟು, ಅದರೊಡನೆ ಹೊರಡುವ ದಿನವೂ ಉಂಟು. ಒಕ್ಕಲಿಗೆ ನೆಲೆಯುಂಟು, ಒಕ್ಕಲೆಬ್ಬಿಸುವುದು ನಮ್ಮ ನಾಡಿನಲ್ಲಿ ಘೋರವಾದ ಅನ್ಯಾಯಗಳಲ್ಲೊಂದೆಂದು ಎಣಿಸಲ್ಪಟ್ಟಿದೆ.

ಅತಿಥಿಯಾಗಿ ಬಂದವನು ಒಕ್ಕಲಾಗುವ ದಾರಿಯನ್ನು ಒಂದು ರಾಜ್ಯವು ಕಾಯಿದೆಗಳ ಮೂಲಕ ಹೇಗೆ ಮುಚ್ಚಿತು, ಹೇಗೆ ತೆರೆಯಿತು ಎಂಬುದನ್ನು ಅರಿಯಲು ಅಮೆರಿಕದ ಸಂಯುಕ್ತ ಸಂಸ್ಥಾನಗಳ ಚರಿತ್ರೆಗಿಂತ ಉಪಯುಕ್ತವಾದ ಉದಾಹರಣೆ ದೊರೆಯುವುದು ಕಷ್ಟ. ಭಾರತೀಯರ ಪಾಡನ್ನು ಮುಂದಿಟ್ಟುಕೊಂಡು ಆ ಚರಿತ್ರೆಯನ್ನು ಪರಿಶೀಲಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಬಂದ ರೀತಿಯನ್ನು ಮಾರ್ಪಡಿಸಿಕೊಳ್ಳಲು ಕಾಲಕ್ರಮದಲ್ಲಿ ಅನುಮತಿ ದೊರೆಯಿತು. ಹುಟ್ಟಿನ ಗಣನೆಯನ್ನು ಮಾತ್ರ ಕಾಯಿದೆಯು ವೇಷ ಬದಲಾಯಿಸಿಕೊಂಡು ಇಂದಿಗೂ ಉಳಿಸಿಕೊಂಡಿದೆ.

ಆ ದೇಶದ ಮೊದಲ ಪೌರತ್ವದ ಕಾಯಿದೆಯು ೧೭೯೦ನೆಯ ಇಸವಿಯಲ್ಲಿ ಹುಟ್ಟಿತು. ಸ್ವತಂತ್ರನಾದ ಬಿಳಿಯ ಮನುಷ್ಯನು ಎರಡು ವರ್ಷ ಅಲ್ಲಿ ನೆಲಸಿದ್ದರೆ ಪೌರನಾಗಬಹುದೆಂದು ಅದು ವಿಧಿಸಿತು. ವಾಸದ ಅವಧಿಯು ೧೭೯೫ರಲ್ಲಿ ಐದು ವರ್ಷವಾಗಿ, ೧೭೯೮ರಲ್ಲಿ ಹದಿನಾಲ್ಕಕ್ಕೇರಿ, ೧೮೦೨ರಲ್ಲಿ ಪುನಃ ಐದಕ್ಕೆ ಇಳಿಯಿತು. ಅವಧಿಯು ಹೀಗೆ ಏರಿಳಿದರೂ ಬಣ್ಣದ ನಿಯಮವು ಕದಲಲಿಲ್ಲ. ಅಂತರ್ಯುದ್ಧವು ಮುಗಿದ ಮೇಲೆ, ೧೮೭೦ರಲ್ಲಿ, ಆಫ್ರಿಕಾ ಮೂಲದವರಿಗೂ ಪೌರತ್ವವು ವಿಸ್ತರಿಸಲ್ಪಟ್ಟಿತು. ಏಷ್ಯದವರು ಎರಡು ವರ್ಗಗಳಿಗೂ ಹೊರಗಾಗಿ ಉಳಿದರು. ಆ ಕಾಲದಲ್ಲಿ ಬಹುಮಂದಿಗೆ ನೆಲಸುವುದಕ್ಕೆ ರಹದಾರಿಯ ಅಗತ್ಯವೇ ಇರಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ವಾಸದ ಬಾಗಿಲು ತೆರೆದಿತ್ತು, ಪೌರತ್ವದ ಬಾಗಿಲಿಗೆ ಮಾತ್ರ ಕಾವಲಿತ್ತು. ೧೮೮೨ರಲ್ಲಿ ಚೀನದ ಕೂಲಿಕಾರರ ಪ್ರವೇಶವನ್ನು ನಿಷೇಧಿಸಿದ ಕಾಯಿದೆಯಿಂದ ಆ ಕಾವಲು ಕಡಲ ತೀರಕ್ಕೂ ಬಂದಿತು.

ಭಾರತೀಯರು ಬಿಳಿಯರೋ ಅಲ್ಲವೋ ಎಂಬ ಪ್ರಶ್ನೆಯಲ್ಲಿ ಅಲ್ಲಿಯ ನ್ಯಾಯಸ್ಥಾನಗಳು ಬಹುಕಾಲ ತೂಗಾಡಿದವು. ೧೯೧೦ರಲ್ಲಿ ಭಿಕಾಜಿ ಬಲ್ಸಾರ ಎಂಬ ಪಾರಸಿಯ ಪೌರತ್ವವನ್ನು ನ್ಯಾಯಸ್ಥಾನವು ಎತ್ತಿಹಿಡಿಯಿತು. ೧೯೧೩ರಲ್ಲಿ ಅಕ್ಷಯಕುಮಾರ ಮಜುಂದಾರರಿಗೆ ವಾಷಿಂಗ್ಟನ್ ಸಂಸ್ಥಾನದಲ್ಲಿ ಪೌರತ್ವವು ದೊರೆಯಿತು. ಇಷ್ಟರಲ್ಲಿ ೧೯೧೭ರ ಕಾಯಿದೆಯು ಏಷ್ಯಾಖಂಡದ ಬಹುಭಾಗವನ್ನು ನಿಷಿದ್ಧ ವಲಯವೆಂದು ಸಾರಿತು. ಅಧ್ಯಕ್ಷ ವಿಲ್ಸನ್ನರು ಆ ಮಸೂದೆಗೆ ಒಪ್ಪಿಗೆಯನ್ನು ನಿರಾಕರಿಸಿದ್ದರೂ ಕಾಂಗ್ರೆಸ್ ಸಭೆಯು ಅದನ್ನು ಮೀರಿ ಕಾಯಿದೆಯಾಗಿಸಿತು. ವಿದ್ಯಾರ್ಥಿಗಳು, ವರ್ತಕರು, ಪ್ರವಾಸಿಗಳು ಮೊದಲಾದವರಿಗೆ ವಿನಾಯಿತಿ ಇತ್ತು. ಎಂದರೆ ಭಾರತೀಯನು ಅತಿಥಿಯಾಗಿ ಬರಬಹುದಾಗಿತ್ತು, ಕೂಲಿಯಾಗಿ ಬಂದು ನೆಲಸುವಂತಿರಲಿಲ್ಲ.

ಈ ತೂಗಾಟವನ್ನು ಮುಗಿಸಿದುದು ಭಗತ್ ಸಿಂಗ್ ಥಿಂಡರ ಮೊಕದ್ದಮೆ. ಪಂಜಾಬಿನವರಾದ ಥಿಂಡರು ೧೯೧೩ರಲ್ಲಿ ಅಮೆರಿಕಕ್ಕೆ ಹೋಗಿ, ೧೯೧೮ರಲ್ಲಿ ಆ ದೇಶದ ಸೈನ್ಯದಲ್ಲಿ ಸೇವೆ ಸಲ್ಲಿಸಿದರು. ಅದೇ ವರ್ಷ ಅವರಿಗೆ ಕೊಟ್ಟ ಪೌರತ್ವವು ನಾಲ್ಕೇ ದಿನಗಳಲ್ಲಿ ರದ್ದಾಯಿತು; ೧೯೨೦ರಲ್ಲಿ ಆರಿಗನ್ ಸಂಸ್ಥಾನದಲ್ಲಿ ಎರಡನೆಯ ಬಾರಿ ದೊರೆತದ್ದನ್ನು ಸರ್ಕಾರವು ಪ್ರಶ್ನಿಸಿತು. ಬಿಳಿಯನೆಂದರೆ ಕಾಕೇಸಿಯನ್ ಕುಲದವನೆಂದು ಹೇಳಿ ಜಪಾನಿನ ಒಜಾವಾರ ಅರ್ಜಿಯನ್ನು ಸರ್ವೋಚ್ಚ ನ್ಯಾಯಸ್ಥಾನವು ೧೯೨೨ರ ನವೆಂಬರಿನಲ್ಲಿ ತಳ್ಳಿಹಾಕಿತ್ತು. ಅದನ್ನೇ ಆಧಾರವಾಗಿ ಹಿಡಿದು, ಮಾನವಕುಲಶಾಸ್ತ್ರಜ್ಞರು ಉತ್ತರ ಭಾರತದವರನ್ನು ಕಾಕೇಸಿಯನ್ನರೆಂದೇ ಎಣಿಸುತ್ತಾರೆಂದು ಥಿಂಡರ ಪಕ್ಷದವರು ವಾದಿಸಿದರು. ಒಜಾವಾರ ತೀರ್ಪನ್ನು ಬರೆದಿದ್ದ ನ್ಯಾಯಾಧೀಶ ಸದರ್ಲೆಂಡರೇ ೧೯೨೩ರ ಫೆಬ್ರವರಿ ೧೯ರಂದು ಈ ತೀರ್ಪನ್ನೂ ಕೊಟ್ಟು, ಶಾಸ್ತ್ರದ ಮಾತು ಸಲ್ಲದು, ಸಾಮಾನ್ಯ ಜನರ ತಿಳಿವಳಿಕೆಯೇ ಪ್ರಮಾಣವೆಂದು ವಿಧಿಸಿದರು. ಮೂರು ತಿಂಗಳ ಹಿಂದೆ ಒಬ್ಬನನ್ನು ಹೊರಗಿಡಲು ಒದಗಿದ ಶಾಸ್ತ್ರವು ಮತ್ತೊಬ್ಬನನ್ನು ಒಳಗೆ ತರಲು ಒದಗಲಿಲ್ಲ.

ಈ ತೀರ್ಪಿನ ಫಲವು ಕಾಗದದ ಮೇಲೆ ನಿಲ್ಲಲಿಲ್ಲ. ಪೌರತ್ವಕ್ಕೆ ಅರ್ಹರಲ್ಲದ ಪರದೇಶೀಯರು ಭೂಮಿಯನ್ನು ಕೊಳ್ಳಬಾರದೆಂದು ಕ್ಯಾಲಿಫೋರ್ನಿಯದ ೧೯೧೩ರ ಮತ್ತು ೧೯೨೦ರ ಕಾಯಿದೆಗಳು ವಿಧಿಸಿದ್ದವು. ಈಗ ಪಂಜಾಬಿನ ರೈತರು ಅವುಗಳ ಕೈಗೆ ಸಿಕ್ಕಿದರು. ಮಜುಂದಾರರೂ ಸೇರಿ ಪೌರತ್ವವನ್ನು ಪಡೆದಿದ್ದ ಅನೇಕರು ಅದನ್ನು ಕಳೆದುಕೊಂಡರು. ಸಾನ್ ಫ್ರಾನ್ಸಿಸ್ಕೋ ನಗರದಲ್ಲಿ ವ್ಯಾಪಾರಿಯಾಗಿದ್ದ ವೈಷ್ಣೋದಾಸ ಬಗಾಯಿಯವರು ೧೯೨೧ರಲ್ಲಿ ಪೌರರಾದವರು. ಆ ಹಕ್ಕು ಹೋದ ಮೇಲೆ ಯಾವ ದೇಶವೂ ತಮ್ಮದಲ್ಲದಂತಾಗಿ ೧೯೨೮ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಪರದೇಶಿ ಎಂಬ ಮಾತಿನ ಇಂದಿನ ಅರ್ಥಕ್ಕೆ ಇದಕ್ಕಿಂತ ಕಠಿನವಾದ ವ್ಯಾಖ್ಯಾನವು ಬೇಡ.

೧೯೨೪ರ ಕಾಯಿದೆಯಿಂದ ವಿಷಯವು ಹೊಸ ತಿರುವನ್ನು ಪಡೆಯಿತು. ಬರುವವರನ್ನೆಲ್ಲ ವಲಸಿಗರು, ವಲಸಿಗರಲ್ಲದವರು ಎಂದು ಎರಡಾಗಿ ವಿಂಗಡಿಸಿ, ವಲಸಿಗನಾಗುವವನು ಹೊರದೇಶದಲ್ಲಿರುವ ಅಮೆರಿಕದ ಕಾನ್ಸಲರಿಂದ ಮುಂಚಿತವಾಗಿ ವೀಸಾ ಪಡೆದೇ ಬರಬೇಕೆಂದು ಅದು ಕಟ್ಟುಮಾಡಿತು. ಇದರಿಂದ ಒಂದು ವಿಚಿತ್ರವಾದ ತೊಡಕು ಹುಟ್ಟಿತು. ಪ್ರವಾಸಿಯಾಗಿ ಬಂದು ಅಲ್ಲಿಯೇ ಮದುವೆಯಾಗಿಯೋ ಉದ್ಯೋಗ ಹಿಡಿದೋ ನೆಲಸಬಯಸಿದವನು, ಎಲ್ಲ ಅರ್ಹತೆಗಳಿದ್ದರೂ, ಒಮ್ಮೆ ದೇಶವನ್ನು ಬಿಟ್ಟು ಹೋಗಿ ವೀಸಾ ತಂದು ಪುನಃ ಪ್ರವೇಶಿಸಬೇಕಾಯಿತು. ಇದರ ಪರಿಹಾರಕ್ಕಾಗಿ ೧೯೩೫ರಲ್ಲಿ ‘ಪೂರ್ವಪರೀಕ್ಷೆ’ ಎಂಬ ಕ್ರಮವು ಬಂದಿತು. ಅಧಿಕಾರಿಗಳು ಅರ್ಜಿದಾರನನ್ನು ಅಮೆರಿಕದಲ್ಲಿಯೇ ಪರೀಕ್ಷಿಸಿ ಯೋಗ್ಯನೆಂದು ಕಂಡ ಮೇಲೆ, ಅವನು ಗಡಿಯನ್ನು ದಾಟಿ ಕೆನಡಾಕ್ಕೆ ಹೋಗಿ, ಅಲ್ಲಿಯ ಅಮೆರಿಕದ ಕಾನ್ಸಲರಿಂದ ವೀಸಾ ಪಡೆದು, ಶಾಶ್ವತ ನಿವಾಸಿಯಾಗಿ ಹಿಂದಿರುಗುವನು. ಬೀದಿಬಾಗಿಲಿನಿಂದ ಹೊರಗೆ ಹೋಗಿ ಅದೇ ಬಾಗಿಲಿನಿಂದ ಒಳಗೆ ಬಂದು ಗೃಹಪ್ರವೇಶವನ್ನು ಮುಗಿಸಿದಂತೆ ಇದು ತೋರಬಹುದು. ಆದರೆ ಪೌರತ್ವಕ್ಕೆ ಅನರ್ಹನಾದವನಿಗೆ ವಲಸೆಯ ವೀಸಾ ಇಲ್ಲವೆಂದು ೧೯೨೪ರ ಕಾಯಿದೆಯೇ ಹೇಳಿದ್ದುದರಿಂದ ಭಾರತೀಯನಿಗೆ ಈ ಅನುಕೂಲವೂ ಒದಗಲಿಲ್ಲ. ಥಿಂಡರಿಗೆ ೧೯೩೬ರಲ್ಲಿ ಪೌರತ್ವವು ಸ್ಥಿರವಾದುದು ಮೊದಲ ಮಹಾಯುದ್ಧದ ಯೋಧರಿಗಾಗಿ ೧೯೩೫ರಲ್ಲಿ ಮಾಡಿದ ಪ್ರತ್ಯೇಕ ಕಾಯಿದೆಯಿಂದ.

ಎರಡನೆಯ ಮಹಾಯುದ್ಧದಲ್ಲಿ ಏಷ್ಯದ ಜನರ ಸ್ನೇಹವು ಅಗತ್ಯವಾದಾಗ ಗೋಡೆಯು ಬಿರುಕುಬಿಟ್ಟಿತು. ಚೀನೀಯರ ನಿಷೇಧವು ೧೯೪೩ರಲ್ಲಿ ಹೋಯಿತು. ಜೆ. ಜೆ. ಸಿಂಗ್ ಮೊದಲಾದವರ ಪ್ರಯತ್ನದ ಫಲವಾಗಿ ೧೯೪೬ರ ಜುಲೈ ೨ರಂದು ಅಧ್ಯಕ್ಷ ಟ್ರೂಮನ್ನರು ರುಜುಮಾಡಿದ ಕಾಯಿದೆಯಿಂದ ಭಾರತೀಯರಿಗೆ ಪೌರತ್ವದ ಅರ್ಹತೆಯೂ ವರ್ಷಕ್ಕೆ ೧೦೦ ವಲಸೆಯ ಸ್ಥಾನಗಳೂ ದೊರೆತವು. ಸಂಖ್ಯೆಯು ಅತ್ಯಲ್ಪವಾದರೂ ಆಗಲೇ ಅಲ್ಲಿ ನೆಲಸಿದ್ದವರಿಗೆ ಅರ್ಹತೆಯು ಅಮೂಲ್ಯವಾಗಿತ್ತು. ೧೯೨೦ರಲ್ಲಿ ವಿದ್ಯಾರ್ಥಿಯಾಗಿ ಹೋಗಿ, ೧೯೨೪ರಲ್ಲಿ ಗಣಿತದಲ್ಲಿ ಡಾಕ್ಟರ್ ಪದವಿಯನ್ನು ಪಡೆದು, ಕ್ಯಾಲಿಫೋರ್ನಿಯದಲ್ಲಿ ಬೇಸಾಯ ಮಾಡಿಕೊಂಡಿದ್ದ ದಲೀಪ್ ಸಿಂಗ್ ಸೌಂದರು ೧೯೪೯ರಲ್ಲಿ ಪೌರರಾದರು. ೧೯೫೬ರಲ್ಲಿ ಕಾಂಗ್ರೆಸ್ ಸಭೆಗೇ ಚುನಾಯಿತರಾದರು.

೧೯೫೨ರ ಕಾಯಿದೆಯು ಈ ಚರಿತ್ರೆಯ ನಡುಗಂಬ. ಪೌರತ್ವಕ್ಕಿದ್ದ ವರ್ಣದ ಅಡ್ಡಿಯನ್ನು ಅದು ಪೂರ್ತಿಯಾಗಿ ತೆಗೆದುಹಾಕಿತು. ಅದರ ೨೪೫ನೆಯ ವಿಧಿಯು ‘ಸ್ಥಾನ ಹೊಂದಾಣಿಕೆ’ಯನ್ನು ಸೃಷ್ಟಿಸಿತು: ತಾತ್ಕಾಲಿಕವಾಗಿ ಬಂದವನು ಅರ್ಹನಾಗಿದ್ದು, ಅವನ ಪಾಲಿನ ವೀಸಾಸಂಖ್ಯೆಯು ಒದಗಿದ್ದರೆ, ಗಡಿಯನ್ನು ದಾಟದೆಯೇ ಶಾಶ್ವತ ನಿವಾಸಿಯಾಗಬಹುದು. ಕೆನಡಾಕ್ಕೆ ಹೋಗಿಬರುವ ಕ್ರಮವು ಇದರಿಂದ ಕ್ರಮೇಣ ನಿರುಪಯುಕ್ತವಾಯಿತು. ಆದರೆ ಅದೇ ಕಾಯಿದೆಯು ‘ಏಷ್ಯ-ಪೆಸಿಫಿಕ್ ತ್ರಿಕೋಣ’ವೆಂಬುದನ್ನೂ ಕಲ್ಪಿಸಿ, ಆ ಭಾಗದ ವಂಶದವನು ಎಲ್ಲಿಯೇ ಹುಟ್ಟಿದ್ದರೂ ಅವನನ್ನು ಪೂರ್ವಜರ ದೇಶದ ಲೆಕ್ಕಕ್ಕೇ ಸೇರಿಸಿತು. ಲಂಡನ್ನಿನಲ್ಲಿ ಹುಟ್ಟಿದ ಆಂಗ್ಲನು ಬ್ರಿಟನ್ನಿನ ವಿಶಾಲವಾದ ಪಾಲಿಗೂ, ಅದೇ ಬೀದಿಯಲ್ಲಿ ಹುಟ್ಟಿದ ಭಾರತೀಯನು ಭಾರತದ ೧೦೦ರ ಪಾಲಿಗೂ ಸೇರಿದರು.

ಈ ವಂಶದ ಲೆಕ್ಕವನ್ನು ೧೯೬೫ರ ಕಾಯಿದೆಯು ಅಳಿಸಿತು. ಅಧ್ಯಕ್ಷ ಜಾನ್ಸನ್ನರು ಅದಕ್ಕೆ ಅಕ್ಟೋಬರ್ ೩ರಂದು ಸ್ವಾತಂತ್ರ್ಯದೇವಿಯ ವಿಗ್ರಹದ ಅಡಿಯಲ್ಲಿ ರುಜುಮಾಡಿದರು. ಪೂರ್ವಾರ್ಧಗೋಲದ ಪ್ರತಿಯೊಂದು ದೇಶಕ್ಕೂ ವರ್ಷಕ್ಕೆ ೨೦,೦೦೦ದ ಒಂದೇ ಮಿತಿ ಏರ್ಪಟ್ಟಿತು. ಭಾರತದ ವೈದ್ಯರೂ ಇಂಜಿನಿಯರುಗಳೂ ದೊಡ್ಡ ಸಂಖ್ಯೆಯಲ್ಲಿ ಅಲ್ಲಿ ನೆಲಸಿದುದು ಇದಾದ ಮೇಲೆಯೇ. ಎಲ್ಲ ದೇಶಗಳಿಗೂ ಸಮಾನವಾದ ಮಿತಿಯೆಂಬುದು ಅಂದಿಗೆ ನ್ಯಾಯದ ಪರಾಕಾಷ್ಠೆಯಾಗಿ ಕಂಡುದರಲ್ಲಿ ಆಶ್ಚರ್ಯವಿಲ್ಲ.

ಆ ಸಮಾನತೆಯೊಳಗಿನ ವಿಷಮತೆಯು ೧೯೯೦ರ ಕಾಯಿದೆಯ ತರುವಾಯ ಹೊರಬಿದ್ದಿತು. ವಿಶೇಷ ವಿದ್ಯೆಯ ಉದ್ಯೋಗಿಗಳಿಗೆ ಎಚ್-೧ಬಿ ಎಂಬ ತಾತ್ಕಾಲಿಕ ವೀಸಾವನ್ನು ಅದು ವರ್ಷಕ್ಕೆ ೬೫,೦೦೦ದ ಮಿತಿಯಲ್ಲಿ ಏರ್ಪಡಿಸಿತು. ಅದರ ಅವಧಿ ಸಾಮಾನ್ಯವಾಗಿ ಆರು ವರ್ಷ. ಪರದೇಶೀಯನು ನೆಲಸುವ ಉದ್ದೇಶವಿಲ್ಲವೆಂದು ತಾನೇ ಸಾಧಿಸಿ ತೋರಿಸಬೇಕೆಂಬುದು ವಿದ್ಯಾರ್ಥಿ, ಪ್ರವಾಸಿ ಮೊದಲಾದವರಿಗೆ ಅನ್ವಯಿಸುವ ನಿಯಮ. ಎಚ್-೧ಬಿ ಉದ್ಯೋಗಿಯನ್ನು ಈ ನಿಯಮದಿಂದ ಬಿಡಿಸಿ, ಹಿಂದಿರುಗುವ ಮತ್ತು ನೆಲಸುವ ಎರಡು ಉದ್ದೇಶಗಳನ್ನೂ ಅವನು ಒಟ್ಟಿಗೆ ಇಟ್ಟುಕೊಳ್ಳಬಹುದೆಂದು ಕಾಯಿದೆಯು ಒಪ್ಪಿತು. ಅತಿಥಿಯು ಮನೆಯೊಳಗಿದ್ದುಕೊಂಡೇ ಒಕ್ಕಲಾಗುವ ಆಸೆಯನ್ನು ಮುಚ್ಚಿಡದೆ ನುಡಿಯಲು ಅವಕಾಶವಾಯಿತು. ಉದ್ಯೋಗದ ಆಧಾರದ ಮೇಲಿನ ಶಾಶ್ವತ ವಾಸಕ್ಕೆ ವರ್ಷಕ್ಕೆ ೧,೪೦,೦೦೦ ಸ್ಥಾನಗಳು ನಿಗದಿಯಾದವು. ಯಾವ ಒಂದು ದೇಶಕ್ಕೂ ನೂರಕ್ಕೆ ಏಳಕ್ಕಿಂತ ಹೆಚ್ಚು ಸಲ್ಲದೆಂಬ ಕಟ್ಟೂ ಬಂದಿತು. ಆ ಲೆಕ್ಕದಲ್ಲಿ ಒಂದು ದೇಶದ ಪಾಲು ಸುಮಾರು ೯,೮೦೦. ಉದ್ಯೋಗಿಯ ಹೆಂಡತಿ ಮಕ್ಕಳೂ ಅದರೊಳಗೇ ಸೇರಬೇಕು. ಇತರರು ಬಳಸದೆ ಬಿಟ್ಟ ಸ್ಥಾನಗಳು ಹೆಚ್ಚು ಅರ್ಜಿಗಳಿರುವ ದೇಶಕ್ಕೆ ಸಲ್ಲಬಹುದಾದರೂ ಅರ್ಜಿಗಳ ಮೊತ್ತಕ್ಕೆ ಅದು ಸಾಲುವುದಿಲ್ಲ.

ಶಾಶ್ವತ ವಾಸದ ದಾರಿಯಲ್ಲಿ ಸಾಮಾನ್ಯವಾಗಿ ಮೂರು ಮೆಟ್ಟಿಲುಗಳಿವೆ. ಆ ಕೆಲಸಕ್ಕೆ ಯೋಗ್ಯನಾದ ಅಮೆರಿಕದ ಕೆಲಸಗಾರನು ದೊರೆಯಲಿಲ್ಲವೆಂದು ಕಾರ್ಮಿಕ ಇಲಾಖೆಯು ಪ್ರಮಾಣಪತ್ರ ಕೊಡುವುದು ಮೊದಲನೆಯದು; ಉದ್ಯೋಗದಾತನ ಅರ್ಜಿಯು ಮಂಜೂರಾಗುವುದು ಎರಡನೆಯದು; ೨೪೫ನೆಯ ವಿಧಿಯ ಪ್ರಕಾರ ಸ್ಥಾನವು ಬದಲಾಗುವುದು ಮೂರನೆಯದು. ಮೊದಲ ಮೆಟ್ಟಿಲಿನ ಅರ್ಜಿಯ ತಾರೀಖೇ ಸರದಿಯ ತಾರೀಖು. ವಿದೇಶಾಂಗ ಇಲಾಖೆಯು ತಿಂಗಳು ತಿಂಗಳೂ ಪ್ರಕಟಿಸುವ ಪಟ್ಟಿಯಲ್ಲಿ ತನ್ನ ದೇಶದ ಅಂಕಣವು ಆ ತಾರೀಖನ್ನು ಮುಟ್ಟುವವರೆಗೆ ಎರಡನೆಯ ಮೆಟ್ಟಿಲಿನವನು ಮೂರನೆಯದಕ್ಕೆ ಕಾಲಿಡುವಂತಿಲ್ಲ. ದೇಶವೆಂದರೆ ಇಲ್ಲಿ ಹುಟ್ಟಿದ ದೇಶ. ಬೆಂಗಳೂರಿನಲ್ಲಿ ಹುಟ್ಟಿದವನು ಕೆನಡಾದ ಪೌರನಾದರೂ ಭಾರತದ ಸಾಲಿನಲ್ಲಿಯೇ ನಿಲ್ಲುವನು. ಕುವೈತಿನಲ್ಲಿ ದುಡಿಯುತ್ತಿದ್ದ ಮಂಗಳೂರಿನ ದಂಪತಿಗಳ ಇಬ್ಬರು ಮಕ್ಕಳಲ್ಲಿ ಒಬ್ಬನು ತಾಯಿಯ ತವರಿನಲ್ಲಿಯೂ ಇನ್ನೊಬ್ಬನು ಕುವೈತಿನಲ್ಲಿಯೂ ಹುಟ್ಟಿದ್ದರೆ, ಒಂದೇ ವಿದ್ಯೆ, ಒಂದೇ ಉದ್ಯೋಗ, ಒಂದೇ ತಾರೀಖು ಇದ್ದರೂ ಇಬ್ಬರ ಸಾಲುಗಳೂ ಬೇರೆ.

ಸಾಲು ಬೆಳೆದಂತೆ ಆರು ವರ್ಷದ ಅವಧಿಯು ಸಾಲದಾಯಿತು. ೨೦೦೦ದ ಕಾಯಿದೆಯು ಸರದಿಯಲ್ಲಿರುವವರ ಅವಧಿಯನ್ನು ಆರು ವರ್ಷದಾಚೆಗೂ ವಿಸ್ತರಿಸಲು ಅವಕಾಶವಿತ್ತಿತು. ಸ್ಥಾನ ಹೊಂದಾಣಿಕೆಯ ಅರ್ಜಿಯು ೧೮೦ ದಿನಗಳಿಗೆ ಮೀರಿ ನಿಂತಿದ್ದರೆ ಅದೇ ಬಗೆಯ ಬೇರೊಂದು ಕೆಲಸಕ್ಕೆ ಸೇರಲೂ ಅನುಮತಿಸಿತು. ೨೦೧೫ರಿಂದ ಇಂತಹ ಕೆಲವರ ಹೆಂಡತಿಗೆ ಅಥವಾ ಗಂಡನಿಗೆ ದುಡಿಯುವ ಹಕ್ಕು ಬಂದಿತು. ಇವೆಲ್ಲವೂ ಉಪಕಾರಗಳೇ ಸರಿ. ಆದರೆ ಪ್ರತಿಯೊಂದು ಉಪಕಾರವೂ ಕಾಯುವಿಕೆಯನ್ನು ಸಹ್ಯವಾಗಿಸಿತೇ ಹೊರತು ಕೊನೆಗಾಣಿಸಲಿಲ್ಲ. ತಾತ್ಕಾಲಿಕವೆಂಬ ಮಾತು ದಶಕಗಳಿಗೂ ಅನ್ವಯಿಸುವಂತಾಯಿತು. ತಂದೆತಾಯಿಗಳೊಡನೆ ಶಿಶುವಾಗಿ ಹೋದ ಮಗುವಿಗೆ ಇಪ್ಪತ್ತೊಂದು ವರ್ಷ ತುಂಬಿದರೆ ಅದು ಅವರ ಅರ್ಜಿಯಿಂದ ಹೊರಬೀಳಬಹುದು. ೨೦೦೨ರ ಕಾಯಿದೆಯು ವಯಸ್ಸಿನ ಲೆಕ್ಕವನ್ನು ಸ್ವಲ್ಪ ಸಡಿಲಿಸಿದರೂ ದೀರ್ಘವಾದ ಸಾಲಿನಲ್ಲಿ ಅದು ಎಲ್ಲರನ್ನೂ ಕಾಯಲಾರದು.

ಮಿತಿಯ ಪಕ್ಷದಲ್ಲಿಯೂ ಒಂದು ವಾದವುಂಟು. ಅದು ಇಲ್ಲವಾದರೆ ಒಂದೆರಡು ದೊಡ್ಡ ದೇಶಗಳೇ ಎಲ್ಲ ಸ್ಥಾನಗಳನ್ನೂ ಆಕ್ರಮಿಸಿ, ಚಿಕ್ಕ ದೇಶಗಳವರು ಹೊರಗೆ ನಿಲ್ಲಬೇಕಾದೀತೆಂದು ಹೇಳುತ್ತಾರೆ. ಇದು ತಳ್ಳಿಹಾಕತಕ್ಕ ಮಾತಲ್ಲ. ಉದ್ಯೋಗದ ಸ್ಥಾನಗಳಿಗೆ ದೇಶವಾರು ಮಿತಿಯನ್ನು ತೆಗೆಯುವ ಮಸೂದೆಯು ೨೦೧೯ರ ಜುಲೈಯಲ್ಲಿ ಪ್ರತಿನಿಧಿ ಸಭೆಯಲ್ಲಿ ೩೬೫ ಮತಗಳಿಂದ ಗೆದ್ದರೂ, ಸೆನೆಟ್ ಸಭೆಯು ೨೦೨೦ರಲ್ಲಿ ಒಪ್ಪಿದ ರೂಪವು ಬೇರೆಯಾಗಿ, ಕಾಯಿದೆಯಾಗದೆ ಹೋದುದಕ್ಕೆ ಹಿನ್ನೆಲೆಯಲ್ಲಿ ಇಂತಹ ಭಿನ್ನಾಭಿಪ್ರಾಯಗಳಿವೆ. ಆದರೂ ಮನುಷ್ಯನನ್ನು ಅವನ ಕೆಲಸಕ್ಕಾಗಿ ಆರಿಸಿದ ಮೇಲೆ ಅವನ ಜನ್ಮಸ್ಥಳಕ್ಕಾಗಿ ತಡೆಯುವುದು ಸಮಂಜಸವೇ ಎಂಬ ಪ್ರಶ್ನೆಗೆ ಆ ವಾದದಿಂದ ಉತ್ತರವು ದೊರೆಯುವುದಿಲ್ಲ. ೧೯೨೩ರ ತಡೆಗೂ ಇಂದಿನ ತಡೆಗೂ ಅಂತರವು ಬಹಳ. ಅದು ದ್ವೇಷದ ಫಲ, ಇದು ಸಮಾನತೆಯನ್ನು ಬಯಸಿದ ಲೆಕ್ಕದ ಫಲ. ಅನುಭವಿಸುವವನಿಗಾದರೋ ಎರಡೂ ಅವನ ಪ್ರಯತ್ನಕ್ಕೆ ನಿಲುಕದ ಹುಟ್ಟಿನ ಸಂಗತಿಯಿಂದಲೇ ಬಂದವು.

ಕನ್ನಡ ಸಾಹಿತ್ಯದ ಅಭ್ಯಾಸಿಗಳಿಗೂ ಈ ಚರಿತ್ರೆಯು ಅಪ್ರಕೃತವಲ್ಲ. ಅಮೆರಿಕದಲ್ಲಿರುವ ಕನ್ನಡಿಗರ ಬರಹಗಳಲ್ಲಿ ಮನೆ ಕೊಳ್ಳಲು ಹಿಂಜರಿಯುವವನೂ, ತಾಯಿಯ ಕಾಯಿಲೆಯ ಸುದ್ದಿ ಕೇಳಿದರೂ ರಹದಾರಿಯ ತಾರೀಖನ್ನು ಮೊದಲು ನೋಡುವವನೂ ಬಂದಾಗ, ಅದನ್ನು ತಾಯ್ನಾಡಿನ ಹಂಬಲವೆಂದೋ ಚಿತ್ತಚಾಂಚಲ್ಯವೆಂದೋ ಮಾತ್ರ ವ್ಯಾಖ್ಯಾನಿಸಿದರೆ ಅರ್ಥವು ಅರೆಯಾಗಿ ಉಳಿಯುತ್ತದೆ. ಆ ಹಿಂಜರಿಕೆಯ ಹಿಂದೆ ವಿಧಿಗಳೂ ಅಂಕಿಗಳೂ ಇವೆ. ನಾನಾದೇಶಿಯ ಹೆಮ್ಮೆಗೂ ಪರದೇಶಿಯ ದೈನ್ಯಕ್ಕೂ ನಡುವೆ, ಅತಿಥಿಯೂ ಅಲ್ಲದೆ ಒಕ್ಕಲೂ ಆಗದೆ ಸಾಲಿನಲ್ಲಿ ನಿಂತವನಿಗೆ ಕನ್ನಡದಲ್ಲಿ ಇನ್ನೂ ಒಂದು ಹೆಸರು ಹುಟ್ಟಬೇಕಾಗಿದೆ.